ಬೆಲೆಯಿಲ್ಲದ ರಸ್ತೆಗೆ ತೆರುವ ಬೆಲೆ

ರಸ್ತೆ ಸರ್ವರ ಸ್ವತ್ತು, ಅದಕ್ಕೆ ದಟ್ಟಣೆಯ ಶುಲ್ಕ ವಿಧಿಸುವುದು ಅನ್ಯಾಯವೆಂಬ ವಾದ ಕೇಳಲು ಹಿತವಾದರೂ ಲೆಕ್ಕಕ್ಕೆ ನಿಲ್ಲದು. ರಸ್ತೆಗಿಳಿವ ಪ್ರತಿ ಕಾರೂ ಹಿಂದಿನವರೆಲ್ಲರ ಕಾಲವನ್ನು ಕಸಿಯುತ್ತದೆ. ಚಾಲಕನಾದರೋ ತನ್ನ ವಿಳಂಬವನ್ನಷ್ಟೇ ಎಣಿಸುತ್ತಾನೆ. ಪ್ರತಿಯೊಬ್ಬನೂ ಸ್ವಲಾಭವನ್ನೇ ಆರಿಸಿದಾಗ ಎಲ್ಲರಿಗೂ ನಷ್ಟವಾಗುವ ಈ ಬಗೆಯನ್ನೇ ಆಟದ ಸಿದ್ಧಾಂತವು ವಿವರಿಸುತ್ತದೆ. ಹೊಸ ರಸ್ತೆಯೇ ಮದ್ದೆನ್ನುವವರು ಗಮನಿಸಬೇಕು: ಹೊಸ ದಾರಿಯೊಂದರಿಂದ ಎಲ್ಲರ ಪಯಣವೂ ನಿಧಾನವಾಗಬಹುದೆಂದು ಜರ್ಮನಿಯ ಗಣಿತಜ್ಞ ಬ್ರೆಸ್ 1968ರಲ್ಲೇ ತೋರಿಸಿದರು.

ಸ್ಟಾಕ್‌ಹೋಮ್ ನಗರವು 2006ರಲ್ಲಿ ಏಳು ತಿಂಗಳು ಶುಲ್ಕವನ್ನು ಪರೀಕ್ಷಿಸಿದಾಗ ಗಡಿ ದಾಟುವ ವಾಹನಗಳು ಸುಮಾರು ಶೇ. 20ರಷ್ಟು ಇಳಿದವು, ಮೊದಲು ವಿರೋಧಿಸಿದ್ದ ನಗರವಾಸಿಗಳೇ ಜನಮತದಲ್ಲಿ ಅದನ್ನು ಒಪ್ಪಿದರು.

ಬಡವರ ಹೆಸರಿನಲ್ಲಿ ಶುಲ್ಕವನ್ನು ಹಳಿಯುವವರು ಬಸ್ಸಿನೊಳಗೆ ಇಣುಕಲಿ. ಕಾರುಗಳ ಸಾಲಿನ ಹಿಂದೆ ಸಿಲುಕಿದ ಬಡವನು ತನ್ನ ಕಾಲವನ್ನೇ ಸುಂಕವಾಗಿ ತೆರುತ್ತಿದ್ದಾನೆ. ಶುಲ್ಕದ ಹಣ ಆ ಬಸ್ಸಿಗೇ ಸಲ್ಲಲಿ, ನ್ಯಾಯವೆಂದರೆ ಅದು.