ಕೂದಲು ನೋಡಿ ಮಾತ್ರೆ ಕೊಡುವವರನ್ನು ತಡೆಯಿರಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು ಶಿರಾ ತಾಲ್ಲೂಕಿನವಳು. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಈ ಪತ್ರ ಬರೆಯಲು ಕಾರಣ ನನ್ನ ತಂಗಿಯ ಮಗಳು. ಅವಳೊಬ್ಬಳದೇ ವಿಚಾರವಾಗಿದ್ದರೆ ಮನೆಯೊಳಗೇ ಮಾತಾಡಿ ಮುಗಿಸುತ್ತಿದ್ದೆವು, ನಿಮ್ಮವರೆಗೆ ಬರುತ್ತಿರಲಿಲ್ಲ.

ಹುಡುಗಿಗೆ ಇಪ್ಪತ್ತೆರಡು ವರ್ಷ. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅವಳನ್ನು ನೋಡಿ ಗಾಬರಿಯಾಯಿತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮಾಳಿಗೆ ಮೆಟ್ಟಿಲು ಹತ್ತಿ ಬಂದರೆ ಏದುಸಿರು. "ಟ್ರೀಟ್‌ಮೆಂಟ್ ತಗೋತಿದ್ದೀನಿ ದೊಡ್ಡಮ್ಮ, ಐದು ತಿಂಗಳಾಯ್ತು" ಅಂದಳು. ಯಾವ ಡಾಕ್ಟರು ಎಂದು ಕೇಳಿದರೆ ಡಾಕ್ಟರಲ್ಲ, ವೆಲ್‌ನೆಸ್ ಸೆಂಟರ್ ಎಂದಳು.

ಅಲ್ಲಿ ಅವಳ ಹಿಂದಲೆಯಿಂದ, ಕತ್ತಿನ ಹತ್ತಿರ, ಬುಡಕ್ಕೇ ಕತ್ತರಿಯಿಟ್ಟು ಒಂದು ಚಮಚದಷ್ಟು ಕೂದಲು ತೆಗೆದು ಕಾಗದದ ಲಕೋಟೆಗೆ ಹಾಕಿ ಲ್ಯಾಬಿಗೆ ಕಳಿಸಿದ್ದರು. ಮೂರು ವಾರಕ್ಕೆ ಎಂಟು ಪುಟದ ರಿಪೋರ್ಟ್ ಬಂದಿತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ತಾಮ್ರ, ಕಬ್ಬಿಣ, ಸೆಲೆನಿಯಂ, ಸೀಸ, ಪಾದರಸ, ಒಂದೊಂದಕ್ಕೂ ಕೆಂಪು, ಹಳದಿ, ಹಸಿರು ಬಣ್ಣದ ಒಂದು ಗೆರೆ. ಕೊನೆಯ ಪುಟದಲ್ಲಿ ತೆಗೆದುಕೊಳ್ಳಬೇಕಾದ ಪುಡಿ, ಮಾತ್ರೆಗಳ ಹೆಸರು. ಅವೆಲ್ಲ ಅದೇ ಸೆಂಟರಿನ ಕೌಂಟರಿನಲ್ಲೇ ಸಿಗುತ್ತಿದ್ದವು. ಪರೀಕ್ಷೆಗೆ 6,500 ರೂಪಾಯಿ, ಮಾತ್ರೆಗೆ ತಿಂಗಳಿಗೆ 4,200. ಅವಳ ಸಂಬಳ ಎಷ್ಟೆಂದು ನನಗೆ ಗೊತ್ತಿದ್ದರಿಂದ ಹೊಟ್ಟೆ ಉರಿಯಿತು.

ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಗೆರೆ ಕೆಂಪು ದಾಟಿ ಹೋಗಿತ್ತು. ಅಂದರೆ ಅವಳ ಕೂದಲಲ್ಲಿ ಕ್ಯಾಲ್ಸಿಯಂ ವಿಪರೀತ ಹೆಚ್ಚು. ಹಾಗಿದ್ದ ಮೇಲೆ ಕ್ಯಾಲ್ಸಿಯಂ ಮಾತ್ರೆ ಏಕೆ ಕೊಟ್ಟರು ಎಂದು ಕೇಳಿದೆ. ಮೂಳೆಯಿಂದ ಕರಗಿ ಕೂದಲಿಗೆ ಬರುತ್ತಿದೆ, ಆದ್ದರಿಂದ ಒಳಗೆ ಕೊರತೆಯಿದೆ ಎಂದು ಅವರು ಹೇಳಿದ್ದರಂತೆ. ಕಡಿಮೆ ಬಂದಿದ್ದರೂ ಅದೇ ಮಾತ್ರೆ ಕೊಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಪಿಜಿಯಲ್ಲಿ ತಲೆಗೆ ಯಾವ ನೀರು ಎಂದು ಕೇಳಿದೆ. ಟ್ಯಾಂಕರಿನ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ನಲ್ಲಿಯ ಬಾಯಿ ಸುಣ್ಣ ಕಟ್ಟಿಕೊಂಡು ಮುಚ್ಚಿಹೋಗುತ್ತದೆ ಎಂದಳು. ಬಕೆಟ್ಟಿಗೆ ಅಂಟಿದ ಸುಣ್ಣ ಕೂದಲಿಗೆ ಅಂಟದೆ ಇರುತ್ತದೆಯೇ? ಎಂಟನೇ ತರಗತಿಯಲ್ಲಿ ಗಡಸು ನೀರಿನ ಪಾಠ ಕೇಳಿದ ಮಕ್ಕಳಿಗೂ ಇದು ಹೊಳೆಯುತ್ತದೆ.

ಮಾರನೆಯ ದಿನ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ತೆಗೆಯುವ ಸಿಸ್ಟರ್ ಅವಳ ಕೆಳರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ಲವಲ್ಲಮ್ಮ ಇವಳಲ್ಲಿ" ಅಂದರು. ಹಿಮೋಗ್ಲೋಬಿನ್ 7.6 ಇತ್ತು. ಡಾಕ್ಟರಮ್ಮ ಮೊದಲು ಕೇಳಿದ್ದೇ ತಿಂಗಳ ಮುಟ್ಟು ಎಷ್ಟು ದಿನ ಇರುತ್ತದೆ ಎಂದು. ಎಂಟು, ಒಂಬತ್ತು ದಿನ, ಎರಡು ವರ್ಷದಿಂದ. ಐದು ತಿಂಗಳು ದುಡ್ಡು ತೆಗೆದುಕೊಂಡವರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ತುಮಕೂರಿನಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿದೆವು, 6 ಬಂತು. ದೊಡ್ಡವರಲ್ಲಿ ಅದು 15ಕ್ಕಿಂತ ಕೆಳಗಿಳಿದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಬರಿದಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುತ್ತದೆ. ಕೂದಲಿನ ರಿಪೋರ್ಟಿನಲ್ಲಿ ಕಬ್ಬಿಣದ ಗೆರೆ ಹಸಿರಾಗಿಯೇ ಇತ್ತು. ಊಟದ ಜೊತೆ ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆ, ಊಟದಲ್ಲಿದ್ದ ಅಷ್ಟಿಷ್ಟು ಕಬ್ಬಿಣವೂ ಮೈಗೆ ಹತ್ತದಂತೆ ಅಡ್ಡಿಯಾಗುತ್ತಿತ್ತು. ಈ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದೆಂದು ಬಸುರಿಯರಿಗೆ ಅಂಗನವಾಡಿಯಲ್ಲೇ ಹೇಳುತ್ತಾರೆ.

ಸಚಿವರೇ, ಕೂದಲು ಬುಡದಲ್ಲಿ ಬೆಳೆಯುವಾಗ ರಕ್ತದಿಂದ ಒಂದಿಷ್ಟು ಲೋಹಾಂಶ ಅದರೊಳಗೆ ಸೇರುತ್ತದೆ ಎಂಬುದು ನಿಜ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಚರ್ಮದಿಂದ ಹೊರಗೆ ಬಂದ ಮೇಲೆ ಅದು ಸತ್ತ ಎಳೆ. ಆಮೇಲೆ ನೀರು, ಬೆವರು, ದೂಳು, ಗೋರಂಟಿ, ಬಣ್ಣ, ಎಲ್ಲವೂ ಅದಕ್ಕೆ ಮೆತ್ತಿಕೊಳ್ಳುತ್ತವೆ. ತಲೆಹೊಟ್ಟಿನ ಎಷ್ಟೋ ಶಾಂಪೂಗಳಲ್ಲಿ ಸತುವಿನ ಸಂಯುಕ್ತವಿದೆ, ಕೆಲವದರಲ್ಲಿ ಸೆಲೆನಿಯಂ ಇದೆ. ಲ್ಯಾಬಿನಲ್ಲಿ ತೊಳೆದರೆ ಒಳಗಿನದೂ ಸ್ವಲ್ಪ ಹೋಗುತ್ತದೆ, ತೊಳೆಯದಿದ್ದರೆ ಹೊರಗಿನದು ಉಳಿಯುತ್ತದೆ, ಒಂದೊಂದು ಲ್ಯಾಬಿನದು ಒಂದೊಂದು ಕ್ರಮ. ಇನ್ನೂ ಒಂದು ವಿಷಯವಿದೆ. ತೀರಾ ಅಪೌಷ್ಟಿಕತೆಯಿಂದ ಸೊರಗಿದ ಮಗುವಿನ ಕೂದಲು ಬೆಳೆಯುವುದೇ ನಿಧಾನವಾಗುತ್ತದೆ. ಆ ನಿಧಾನದ ಬೆಳವಣಿಗೆಯಲ್ಲಿ ಸತುವಿನ ಪ್ರಮಾಣ ಸರಿಯಾಗಿದ್ದಂತೆಯೋ, ಹೆಚ್ಚಿದ್ದಂತೆಯೋ ಕಾಣಬಹುದು. ಕೊರತೆ ಇರುವವರಲ್ಲೇ ಕೊರತೆ ಕಾಣಿಸದ ಪರೀಕ್ಷೆಯನ್ನು ನಂಬಿ ಮಾತ್ರೆ ಕೊಡುವುದು ಹೇಗೆ?

ಇದು ನನ್ನೊಬ್ಬಳ ತರ್ಕವಲ್ಲ. 1985ರಲ್ಲಿ ಅಮೆರಿಕದ ವೈದ್ಯ ಸ್ಟೀಫನ್ ಬ್ಯಾರೆಟ್ ಆರೋಗ್ಯವಂತರಾದ ಇಬ್ಬರು ಹದಿಹರೆಯದವರ ಕೂದಲನ್ನು ಬೇರೆ ಹೆಸರಿನಲ್ಲಿ 13 ಲ್ಯಾಬ್‌ಗಳಿಗೆ ಕಳಿಸಿದರು. ಒಂದು ಲ್ಯಾಬಿನ ಫಲಿತಾಂಶಕ್ಕೂ ಇನ್ನೊಂದರದ್ದಕ್ಕೂ ತಾಳೆಯಾಗಲಿಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯ ಸಂಶೋಧಕರು ಆರೋಗ್ಯವಾಗಿದ್ದ ಒಬ್ಬರ ಒಂದೇ ತಲೆಯ ಕೂದಲನ್ನು ಪಾಲು ಮಾಡಿ ಆರು ಲ್ಯಾಬ್‌ಗಳಿಗೆ ಕೊಟ್ಟರು. ಆ ದೇಶದ ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನ ಪಾಲು ಆ ಆರರಲ್ಲೇ ನಡೆಯುತ್ತಿತ್ತು. ಹನ್ನೆರಡು ಖನಿಜಗಳಲ್ಲಿ ಅತಿ ಕಡಿಮೆ ಬಂದ ಅಂಕಿಗೂ ಅತಿ ಹೆಚ್ಚು ಬಂದ ಅಂಕಿಗೂ ಹತ್ತು ಪಟ್ಟಿಗಿಂತ ಜಾಸ್ತಿ ಅಂತರವಿತ್ತು. ಏನು ತಿನ್ನಬೇಕು, ಯಾವ ಮಾತ್ರೆ ನುಂಗಬೇಕು ಎಂಬ ಸಲಹೆಗಳೂ ಒಂದಕ್ಕೊಂದು ವಿರುದ್ಧವಾಗಿದ್ದವು. ಅಮೆರಿಕ ಸರ್ಕಾರದ ಮೆಡಿಕೇರ್ ವಿಮೆ, ರೋಗ ಗುರುತಿಸಲೆಂದು ಮಾಡಿಸುವ ಕೂದಲಿನ ಖನಿಜ ಪರೀಕ್ಷೆಗೆ ಹಣ ಕೊಡುವುದಿಲ್ಲ. ಆ ದೇಶ ಬೇಡವೆಂದದ್ದನ್ನು ನಮ್ಮ ಹುಡುಗಿಯರಿಗೆ ಹೊಸ ವಿಜ್ಞಾನವೆಂದು ಮಾರುತ್ತಿದ್ದಾರೆ.

ಹಾಗೆಂದು ಕೂದಲಿನ ಪರೀಕ್ಷೆಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮೈಗೆ ವಿಷ ಹೊಕ್ಕಿದೆಯೇ ಎಂದು ಹುಡುಕುವಾಗ ಅದು ಕೆಲಸಕ್ಕೆ ಬರುತ್ತದೆ. 1971–72ರಲ್ಲಿ ಇರಾಕಿನಲ್ಲಿ ಪಾದರಸದ ಔಷಧ ಹಚ್ಚಿದ ಬಿತ್ತನೆ ಗೋಧಿಯನ್ನು ಜನ ರೊಟ್ಟಿ ಮಾಡಿ ತಿಂದು ಸತ್ತರು. ಬಸುರಿಯರ ಉದ್ದ ಕೂದಲನ್ನು ತುಂಡು ತುಂಡಾಗಿ ಅಳೆದು, ಯಾವ ತಿಂಗಳಲ್ಲಿ ಎಷ್ಟು ಪಾದರಸ ಮೈಗೆ ಹೋಯಿತೆಂದು ಆಗ ಲೆಕ್ಕ ಹಾಕಿದ್ದರು. ನಮ್ಮ ರಾಜ್ಯದ ಉದಾಹರಣೆಯೂ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹಳೆಯ ಚಿನ್ನದ ಗಣಿಯ ಆಸುಪಾಸಿನ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ಇದ್ದ ಕೊಳವೆಬಾವಿ ನೀರು ಕುಡಿದರು. ಅಂಗೈ, ಅಂಗಾಲಲ್ಲಿ ಗಂಟು, ಮೈಮೇಲೆ ಕಪ್ಪು ಚುಕ್ಕೆ. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಆ ಸೀಮೆಯ ನೀರಿನ ಜೊತೆ ಜನರ ಕೂದಲು, ಉಗುರನ್ನೂ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಅಲ್ಲಿ ಯಾರೂ ಮಾತ್ರೆ ಮಾರಲು ಕೂದಲು ಕತ್ತರಿಸಲಿಲ್ಲ. ಕುಡಿಯುವ ನೀರು ಬದಲಾಗಲಿ ಎಂದು ಕತ್ತರಿಸಿದರು.

ಇನ್ನೊಂದು ಮಾತನ್ನು ಹೇಳಲೇಬೇಕು. ಆಟಿಸಂ ಇರುವ ಮಕ್ಕಳ ತಾಯಂದಿರಿಗೂ ಈ ರಿಪೋರ್ಟ್ ತೋರಿಸುತ್ತಾರೆ. ಮಗುವಿನ ಮೈಯಲ್ಲಿ ಲೋಹ ತುಂಬಿದೆ, ತೆಗೆಸಬೇಕು ಎನ್ನುತ್ತಾರೆ. ಹಾಗೆ ಲೋಹ ತೆಗೆಯುವ ಕೀಲೇಷನ್ ಚಿಕಿತ್ಸೆಯಲ್ಲಿ, ರಕ್ತದ ಕ್ಯಾಲ್ಸಿಯಂ ಏಕಾಏಕಿ ಕುಸಿದು ಅಮೆರಿಕದಲ್ಲಿ ಸಾವುಗಳಾದದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2006ರಲ್ಲಿ ವರದಿ ಮಾಡಿತು. 2005ರಲ್ಲಿ ತೀರಿಕೊಂಡ ಒಂದು ಮಗು ಆಟಿಸಂ ಇದ್ದ ಐದು ವರ್ಷದ ಹುಡುಗ. ಎಷ್ಟು ಬಾಗಿಲು ತಟ್ಟಿ ಸೋತ ಮೇಲೆ ಆ ತಾಯಂದಿರು ಇಂಥ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ಶಿಕ್ಷಕಿಯಾಗಿ ಹತ್ತಿರದಿಂದ ಕಂಡಿದ್ದೇನೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಈಗ ನನ್ನ ಬೇಡಿಕೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಿಮ್ಮ ಕೈಯಲ್ಲಿದೆ. ರೋಗಿಯ ಮೈಯಿಂದ ಏನನ್ನಾದರೂ ತೆಗೆದು ಪರೀಕ್ಷಿಸಿ, ನಿನಗೆ ಇಂಥ ಕೊರತೆ ಇದೆ ಎಂದು ಬರೆದುಕೊಡುವವರು ಬೋರ್ಡಿನ ಮೇಲೆ ವೆಲ್‌ನೆಸ್ ಎಂದು ಬರೆದುಕೊಂಡ ಮಾತ್ರಕ್ಕೆ ಆ ಕಾಯ್ದೆಯಿಂದ ಹೊರಗುಳಿಯುವಂತೆ ಆಗಬಾರದು. ಕೂದಲಿನ ರಿಪೋರ್ಟ್ ಒಂದನ್ನೇ ಹಿಡಿದು ಪೋಷಕಾಂಶದ ಮಾತ್ರೆ ಬರೆಯಕೂಡದೆಂದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಸುತ್ತೋಲೆ ಕಳಿಸಿ. ಪರೀಕ್ಷೆ ಮಾಡಿಸುವವರೇ ಮಾತ್ರೆ ಮಾರುವ ಕೌಂಟರುಗಳನ್ನು ನೋಡಿ ಬರಲು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಹೇಳಿ. ನನ್ನ ತಂಗಿಯ ಮಗಳ ಡಬ್ಬಿಯ ಹಿಂಬದಿಯಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಎಂದು ಇರುವೆಗಾತ್ರದ ಇಂಗ್ಲಿಷ್ ಅಕ್ಷರದಲ್ಲಿತ್ತು. ಅದನ್ನೇ ಟ್ರೀಟ್‌ಮೆಂಟ್ ಎಂದು ಕೊಟ್ಟಿದ್ದರು. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಆ ಕಲಮನ್ನು ಬಳಸಿ.

ಜನ ಇಂಥಲ್ಲಿಗೆ ಹೋಗುವುದಕ್ಕೆ ನಾವೂ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 44.8 ಇತ್ತು. ಕಡಿಮೆಯಾಗಬೇಕಾದದ್ದು ಏರಿದೆ. ಸುಸ್ತು, ಕೂದಲು ಉದುರುವುದು ಎಂದು ಬಂದ ಹುಡುಗಿಗೆ ಒಂದು ಹನಿ ರಕ್ತ ತೆಗೆದು ನೋಡಿ, ಮುಟ್ಟಿನ ಬಗ್ಗೆ ಕೂರಿಸಿಕೊಂಡು ಕೇಳುವಷ್ಟು ಪುರುಸೊತ್ತು ನಮ್ಮ ಆಸ್ಪತ್ರೆಗಳಲ್ಲಿ ಇರಬೇಕು. ಕೆಲಸಕ್ಕೆ ಹೋಗುವ ಹುಡುಗಿಯರು ಬರಲು ಆಗುವಂತೆ ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸಂಜೆಯೂ ತೆರೆದಿರಲಿ. ತಾಲ್ಲೂಕು ಆಸ್ಪತ್ರೆಯಲ್ಲೇ ಫೆರಿಟಿನ್ ಪರೀಕ್ಷೆ ಸಿಗಲಿ, ಅದಕ್ಕೆಂದು ನಾವು ತುಮಕೂರಿಗೆ ಬಸ್ಸು ಹತ್ತಬೇಕಾಯಿತು.

ಕೂದಲು ಪರೀಕ್ಷಿಸುವ ಯಂತ್ರ, ಅದನ್ನು ಬಲ್ಲವರು ನಮ್ಮ ರಾಜ್ಯದಲ್ಲಿ ಇದ್ದರೆ ಅವರನ್ನು ಯಾದಗಿರಿ, ರಾಯಚೂರಿನ ತಾಂಡಾಗಳಿಗೆ ಕಳಿಸಿ. ಅಲ್ಲಿನ ಮಕ್ಕಳ ಕೂದಲಲ್ಲಿ ಈಗ ಏನಿದೆ ಎಂದು ಅಳೆದು, ಫಲಿತಾಂಶವನ್ನು ಆ ಊರಿನವರಿಗೆ ಕನ್ನಡದಲ್ಲಿ ಓದಿ ಹೇಳಲಿ.

ನನ್ನ ತಂಗಿಯ ಮಗಳು ಈಗ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಂಬೆರಸದ ಜೊತೆ ನುಂಗುತ್ತಿದ್ದಾಳೆ. ಮುಟ್ಟಿಗೂ ಚಿಕಿತ್ಸೆ ನಡೆದಿದೆ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.2ಕ್ಕೆ ಬಂದಿದೆ. ಅವಳ ಪಿಜಿಯ ಇನ್ನಿಬ್ಬರು ಹುಡುಗಿಯರು ಈಗಲೂ ಅದೇ ಸೆಂಟರಿಗೆ ಹೋಗುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ