ಅಮೃತಮಹಲ್ ಕಾವಲು ಯಾರ ಪಿತ್ರಾರ್ಜಿತ?



2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗವೊಂದು ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸೈನ್ಯ ಅದನ್ನು ತನ್ನ ಜನರಲ್ ಡೇವಿಡ್ ಬೇರ್ಡನಿಗೆ ಉಡುಗೊರೆ ಕೊಟ್ಟಿತ್ತು. ನಾಡಿನ ಆಸ್ತಿ ನಾಡಿಗೆ ಬರಬೇಕಿತ್ತು ಅಂತ ಹಲವರು ಮರುಗಿದರು. ಮರುಗಲಿ. ಆದರೆ ಮುರಿದುಬಿದ್ದ ಅದೇ ಸೈನ್ಯದ ಇನ್ನೊಂದು ಆಸ್ತಿ ಲಂಡನ್ನಿಗೆ ಹೋಗಲೇ ಇಲ್ಲ. ಅದು ಇಲ್ಲೇ ಅಜ್ಜಂಪುರದಲ್ಲಿ, ಬೀರೂರಿನಲ್ಲಿ, ಕಡೂರು ತರೀಕೆರೆ ಸೀಮೆಯ ಬಯಲಿನಲ್ಲಿ ಬಿದ್ದಿದೆ. ಅದರ ಹೆಸರು ಅಮೃತಮಹಲ್ ದನ. ಅದು ಮೇಯುವ ನೆಲದ ಹೆಸರು ಕಾವಲು.

ಹಾಸ್ಟೆಲಿನಲ್ಲಿ ಓದುವ ನಮ್ಮ ಹುಡುಗರಿಗೆ ಇದು ಸರ್ಕಾರಿ ದನದ ಫಾರಂ ಅಷ್ಟೆ. ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬೂದು ಮೈ, ಹತ್ತಿರ ಹೋದರೆ ಬುಸುಗುಟ್ಟುವ ಸಿಟ್ಟು. ಇವು ಹಾಲಿಗೆ ಸಾಕಿದ ದನವಲ್ಲ. ಫಿರಂಗಿ ಎಳೆಯೋದಕ್ಕೆ, ಸೈನ್ಯದ ಸಾಮಾನು ಹೊರೋದಕ್ಕೆ ಬೆಳೆಸಿದ ತಳಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು ಬೆಣ್ಣೆ ಚಾವಡಿ. ಹೈದರ್ ಅದನ್ನು ದಂಡಿನ ಬೆನ್ನೆಲುಬು ಮಾಡಿದ. ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟು, ಹುಕುಂನಾಮೆ ಹೊರಡಿಸಿ ಕಟ್ಟುನಿಟ್ಟು ಮಾಡಿದ. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಕೆರೆ ಅಂಗಳ, ಮರದ ನೆರಳು ಇರುವ ಕಡೆ ಬೇಸಿಗೆ ಕಾವಲು. ಸೇರ್ವೆಗಾರರು ಹಿಂಡು ಹಿಡಿದು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು.

ಸೈನ್ಯ ಮುರಿದ ಮೇಲೆ ಈ ಆಸ್ತಿ ಕೈಯಿಂದ ಕೈಗೆ ಹೋದ ಕತೆ ಕೇಳಿ. ಮೊದಲು ಕಂಪನಿ, ಆಮೇಲೆ ಮೈಸೂರಿನ ರಾಜ. ಹಿಂಡು ಹಾಳಾಗುತ್ತಿದೆ ಅಂತ 1813ರಲ್ಲಿ ಮತ್ತೆ ಮದ್ರಾಸಿನ ಸೈನ್ಯ. 1860ರಲ್ಲಿ ಖರ್ಚು ಜಾಸ್ತಿ ಅಂತ ಇಲಾಖೆಯನ್ನೇ ಮುಚ್ಚಿ ದನ ಮಾರಿದರು. ಎತ್ತಿಲ್ಲದೆ ಪೇಚಾಡಿ 1866ರಲ್ಲಿ ಮತ್ತೆ ಶುರು ಮಾಡಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು. ಕೊನೆಗೆ ಪಶುಪಾಲನಾ ಇಲಾಖೆ. ಇಷ್ಟು ಸಲ ತೀರ್ಮಾನವಾಯಿತಲ್ಲ, ಒಂದು ಸಲವಾದರೂ ಕಾವಲಿನ ಅಂಚಿನ ಹಟ್ಟಿಯವರನ್ನು ಯಾರಾದರೂ ಕರೆದು ಕೇಳಿದರೇ?

ಹಳೇ ಮೈಸೂರಿನ ಊರುಗಳಲ್ಲಿ ಸತ್ತ ದನ ಎಳೆದವರು ಯಾರು? ತೊಗಲು ಹದ ಮಾಡಿ ಮಿಣಿ, ಬಾರು, ಕಪಿಲೆ ಬಾನಿ ಹೊಲಿದವರು ಯಾರು? ದನದ ಹಲ್ಲು, ಸುಳಿ, ಬಣ್ಣ ಎಲ್ಲವೂ ದಫ್ತರದಲ್ಲಿ ಬರೆಯಲ್ಪಟ್ಟವು. ತೊಗಲಿನ ಕೆಲಸ ಮಾಡಿದವನ ಹೆಸರು ಬರೆಯಲು ಶಾಯಿ ಸಾಲಲಿಲ್ಲ. ಭೀಮಾ ತೀರದ ಕೋರೆಗಾಂವಿನಲ್ಲಿ 1818ರ ಯುದ್ಧದಲ್ಲಿ ಸತ್ತ ಮಹಾರ್ ಸಿಪಾಯಿಗಳ ಹೆಸರನ್ನಾದರೂ ಕಂಪನಿ ಕಂಬದ ಮೇಲೆ ಕೆತ್ತಿಸಿತು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತರು. ನಮ್ಮ ಸೀಮೆಯವರಿಗೆ ಕಂಬವೂ ಇಲ್ಲ, ಕಾಗದವೂ ಇಲ್ಲ.

ಕಾಗದದ ಮಾತು ಸುಮ್ಮನೆ ಎತ್ತಿದ್ದಲ್ಲ. ಕಾವಲು ಅರಣ್ಯವೆಂದು ಲೆಕ್ಕಕ್ಕೆ ಬಂದ ಕಡೆ, 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಹಕ್ಕು ಕೇಳಬೇಕೆಂದರೆ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷದ ವಾಸಕ್ಕೆ ರುಜುವಾತು ಕೊಡಬೇಕು. ಊರಾಚೆ ಇಟ್ಟವರೇ ಈಗ, ನೀನು ಊರಾಚೆ ಇದ್ದೆ ಅನ್ನೋದಕ್ಕೆ ದಾಖಲೆ ತಾ ಅಂತಾರೆ!

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲು ಇವತ್ತು ಒಂದು ಲಕ್ಷ ಎಕರೆಯನ್ನೂ ಮುಟ್ಟುವುದಿಲ್ಲ. ಹೋದದ್ದು ಎಲ್ಲಿಗೆ? ಹೆಚ್ಚು ಆಹಾರ ಬೆಳೆಯಿರಿ ಅಂತ ಸರ್ಕಾರವೇ ಒಂದಷ್ಟು ಬಿಟ್ಟುಕೊಟ್ಟಿತು. ಅದರಲ್ಲಿ ನಮ್ಮವರಿಗೂ ಚೂರುಪಾರು ಸಿಕ್ಕಿತು, ಇಲ್ಲ ಅನ್ನೋದಿಲ್ಲ. ಸಿಕ್ಕಿದ್ದು ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಅಂತ ಕೈಬಿಟ್ಟು ಹೋಗುತ್ತಿತ್ತು ಅಂತಲೇ 1978ರಲ್ಲಿ ಪರಭಾರೆ ನಿಷೇಧ ಕಾಯ್ದೆ ಬಂತು. ಇನ್ನು ದೊಡ್ಡ ತುತ್ತುಗಳ ಕತೆ ಚಳ್ಳಕೆರೆಯದು. ಅಲ್ಲಿಯ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಅಣುಶಕ್ತಿಯವರಿಗೆ 1,810, ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಒಂದು ಖಾಸಗಿ ಕಂಪನಿಗೂ 1,250 ಎಕರೆ. ಕುರಿ ಮೇಯಿಸುತ್ತಿದ್ದವರು ಬೇಲಿ ಎದ್ದ ಮೇಲೆ ತಿಳಿದುಕೊಂಡರು. ಹಸಿರು ನ್ಯಾಯಮಂಡಳಿಯ ತನಕ ಕೇಸು ಹೋಯಿತು. ಫಿರಂಗಿ ಎಳೆಯುವ ಎತ್ತಿಗೆ ಮೀಸಲಿದ್ದ ನೆಲ ಮತ್ತೆ ಆಯುಧದವರಿಗೇ ಸೇರಿತು. ನಡುವೆ ಇನ್ನೂರು ವರ್ಷ ಅದರಲ್ಲಿ ಬದುಕಿದವರು ಲೆಕ್ಕಕ್ಕಿಲ್ಲ.

ಈ ವಿಷಯ ಎತ್ತಿದಾಗ ಹಾಸ್ಟೆಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಅಣ್ಣಾ, ನಮ್ಮಪ್ಪನಿಗೆ ಮನೆ ಕಟ್ಟೋಕೆ ಒಂದು ಸೈಟಿಲ್ಲ. ರಾಜನ ದನಕ್ಕೆ ಸಾವಿರಾರು ಎಕರೆ ಯಾಕೆ? ಹಂಚಿಬಿಡಲಿ." ಪಕ್ಕದಲ್ಲಿದ್ದ ಇನ್ನೊಬ್ಬ, "ನಮ್ಮವ್ವ ನಾಲ್ಕು ಮೇಕೆ ಮೇಯಿಸೋದು ಆ ಕಾವಲಲ್ಲೇ. ಹಂಚಿದರೆ ಅವಳೆಲ್ಲಿಗೆ ಹೋಗಬೇಕು?" ಅಂದ. ಇಬ್ಬರೂ ಒಂದೇ ಕೇರಿಯವರು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ದನದ ಹೆಸರಿನಲ್ಲಿ ನಮ್ಮ ಜನರ ಬೆನ್ನ ಮೇಲೆ ದೊಣ್ಣೆ ಬೀಳುವ ಕಾಲದಲ್ಲಿ ದನದ ಪರವಾಗಿ ಬರೆಯೋದೂ ಮುಜುಗರವೇ.

ಆ ರಾತ್ರಿ ಜಗಳವಾಡಿ ನಾವು ಬಂದ ನಿಲುವು ಇದು. ಮೊದಲು ಉಳಿದ ಕಾವಲನ್ನು ಕಂಪನಿಗೂ ಟ್ರಸ್ಟಿಗೂ ಮಠಕ್ಕೂ ಕೊಡಕೂಡದು. ಹತ್ತಾರು ಎಕರೆ ನುಂಗಿ ತೋಟ ಎಬ್ಬಿಸಿದವರ ಬೇಲಿ ಮೊದಲು ಕೀಳಲಿ, ಸೈಟಿಗೂ ಉಳುಮೆಗೂ ಭೂಮಿ ಅಲ್ಲಿಂದ ಬರಲಿ. ನಮೂನೆ 50, 53, 57 ಅಂತ ಅರ್ಜಿ ಹಾಕಿ ಹಾಕಿ ಮುದುಕರಾದವರನ್ನು, ಒಂದೆರಡು ಎಕರೆ ಉಳುತ್ತಿರುವವರನ್ನು, ಒತ್ತುವರಿದಾರ ಅಂತ ಮೊದಲು ಒಕ್ಕಲೆಬ್ಬಿಸುವುದು ಯಾವ ನ್ಯಾಯ? ಹುಲ್ಲುಗಾವಲಾಗಿ ಉಳಿದದ್ದು ಹುಲ್ಲುಗಾವಲಾಗಿಯೇ ಇರಲಿ, ಆದರೆ ಅವ್ವನ ಮೇಕೆಗೂ ಬಾಗಿಲು ತೆರೆದಿರಲಿ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಕ್ಕೆ ಮೀಸಲು ಮಾಡಿದರು. ಜಿಂಕೆಗೆ ಜಾಗ ಇರಲಿ, ಅದನ್ನು ನಾವು ಬೇಡ ಅನ್ನೋದಿಲ್ಲ. ಜಿಂಕೆಗೆ ಸಿಕ್ಕ ಭದ್ರತೆ ಮನುಷ್ಯನಿಗೂ ಬೇಕು ಅನ್ನುತ್ತೇವೆ.

ದನದ ಮಾತು. ಅಜ್ಜಂಪುರದಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ಜೋಡಿಗೆ ಲಕ್ಷ ದಾಟುತ್ತದೆ. ನಮ್ಮ ಕೇರಿಯವನು ಅಲ್ಲಿ ಹಗ್ಗ ಹಿಡಿಯಬಹುದು, ಕೂಗು ಹಾಕಲಾರ. ಒಂದು ಪಾಲು ಕರುಗಳನ್ನು ಹರಾಜಿಗೆ ಇಡದೆ ಭೂಹೀನರ, ಸಣ್ಣ ಹಿಡುವಳಿದಾರರ ಕೊಟ್ಟಿಗೆಗೆ ಕೊಟ್ಟರೆ ತಳಿಯೂ ಉಳಿಯುತ್ತದೆ. ಇಷ್ಟು ಕೇಳಲು ನಮಗೆ ಯಾವ ಸುಲ್ತಾನನ ಸನ್ನದೂ ಬೇಕಿಲ್ಲ.

ರಜೆಗೆ ಊರಿಗೆ ಹೋಗುವವರಿಗೆ ಒಂದು ಕೆಲಸ. ನಿಮ್ಮ ಊರ ಪಕ್ಕದ ಕಾವಲಿನ ಸರ್ವೆ ನಂಬರು ಹಿಡಿದು ನಾಡಕಚೇರಿಯಲ್ಲಿ ಪಹಣಿ ತೆಗೆಸಿ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೆರಡನೆಯದರಲ್ಲಿ ಸಾಗುವಳಿ ಯಾರದು, ನೋಡಿ. ಆಮೇಲೆ ಆ ನೆಲದಲ್ಲಿ ಹೋಗಿ ನಿಂತು ನಿಜವಾಗಿ ಉಳುತ್ತಿರುವವರು ಯಾರು ಅಂತ ನೋಡಿ. ಕೇರಿಯ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕಾವಲಿನಲ್ಲಿ ಯಾರು ಏನು ಕೆಲಸ ಮಾಡಿದರು, ಯಾವ ಬಂಡೆಗೆ ಏನು ಹೆಸರು, ನೀರು ಎಲ್ಲಿ ಮುಟ್ಟಿಸುತ್ತಿರಲಿಲ್ಲ, ಎಲ್ಲ ಬರೆದುಕೊಳ್ಳಿ, ಹೆಬ್ಬೆಟ್ಟು ಹಾಕಿಸಿ. ಮುಂದಿನ ಸಭೆಗೆ ಬರುವಾಗ ಆ ಹಾಳೆಗಳನ್ನು ಮರೆಯದೆ ತನ್ನಿ.