ರುದ್ರಪಟ್ಟಣದ ಮನೆಮಾತು ಮತ್ತು ಕನ್ನಡದ ಬಾವುಟ

ಕಳೆದ ರಾಜ್ಯೋತ್ಸವದ ಸಭೆಯೊಂದರಲ್ಲಿ, ಹಳದಿ-ಕೆಂಪು ಬಾವುಟವನ್ನು ಏರಿಸಿದ ಮೇಲೆ, ಅತಿಥಿಗಳೊಬ್ಬರು ಆವೇಶದಿಂದ ಒಂದು ಮಾತನ್ನಾಡಿದರು: ಮನೆಯಲ್ಲಿ ಕನ್ನಡವಾಡದವರಿಗೆ ಈ ಬಾವುಟಕ್ಕೆ ವಂದಿಸುವ ಹಕ್ಕಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಮಾತ್ರ ತಟ್ಟಲಿಲ್ಲ. ಅವಳು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವಳು, ಮನೆಮಾತು ಸಂಕೇತಿ. ಪಂಪನ ವೃತ್ತಗಳನ್ನು ತಡವರಿಸದೆ ಅನ್ವಯಿಸಿ ಓದಬಲ್ಲವಳು.

ಆ ಮಾತು ಅಭಿಮಾನದ್ದಲ್ಲ, ಅಜ್ಞಾನದ್ದು ಎಂಬುದು ನನ್ನ ಆಕ್ಷೇಪ. ಅದೂ ಬಾವುಟದ ಇತಿಹಾಸವನ್ನೇ ಅರಿಯದ ಅಜ್ಞಾನ.

ಈ ಬಾವುಟ ಹುಟ್ಟಿದ ಸಂದರ್ಭವನ್ನು ನೆನೆಯೋಣ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವದ ಕಛೇರಿಗಳಲ್ಲಿ ಕನ್ನಡ ನಾಡಿನ ಸಂಗೀತಗಾರರಿಗೆ ಸ್ಥಾನವಿಲ್ಲವೆಂದು ಅ.ನ.ಕೃ. ಪ್ರತಿಭಟನೆಗಿಳಿದರು. ಆ ಹೋರಾಟದ ಕಾವಿನಲ್ಲಿಯೇ ಮ. ರಾಮಮೂರ್ತಿಯವರು ಅರಿಸಿನ-ಕುಂಕುಮದ ಬಣ್ಣಗಳ ಬಾವುಟವನ್ನು ರೂಪಿಸಿದರು. ಈಗ ಕೇಳಬೇಕಾದ ಪ್ರಶ್ನೆ: ಆ ಕಾಲದಲ್ಲಿ 'ಕನ್ನಡದ ಸಂಗೀತಗಾರ' ಎಂದರೆ ಯಾರು? ಕಾವೇರಿಯ ದಡದ ಈ ಒಂದು ಪುಟ್ಟ ಊರು ನಾಡಿಗೆ ಎಷ್ಟು ಗಾಯಕರನ್ನು ಕೊಟ್ಟಿದೆಯೆಂಬುದನ್ನು ಸಂಗೀತ ಬಲ್ಲವರೆಲ್ಲ ಬಲ್ಲರು. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ದಾಸರ ಪದಗಳನ್ನು ಕಛೇರಿಯ ಮುಖ್ಯಭಾಗಕ್ಕೆ ತಂದು ನಿಲ್ಲಿಸಿದವರು. ರುದ್ರಪಟ್ಟಣದ ಸಹೋದರರೆಂದೇ ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಹೆಸರಿನಲ್ಲಿಯೇ ಊರಿದೆ. ಈ ಊರಿನ ಸಂಗೀತ ಮನೆತನಗಳ ಮನೆಮಾತು ತಮಿಳು-ಮಲೆಯಾಳಗಳ ಬೇರಿನಿಂದ ಬಂದು ಕನ್ನಡದ ನೀರನ್ನು ಕುಡಿದು ಬೆಳೆದ ಸಂಕೇತಿ. ಶತಮಾನಗಳ ಹಿಂದೆ ಸೆಂಗೋಟ್ಟೈ ಕಡೆಯಿಂದ ವಲಸೆ ಬಂದವರ ನುಡಿ ಅದು. ಅವರನ್ನು ಕನ್ನಡದವರೆಂದು ಎಣಿಸುವಾಗ ಅಡುಗೆಮನೆಯ ಭಾಷೆ ಯಾವುದೆಂದು ಯಾರೂ ವಿಚಾರಿಸಲಿಲ್ಲ. ಹೋರಾಟದ ಫಲವಾದ ಬಾವುಟವನ್ನು ಹಿಡಿದು, ಹೋರಾಟವು ಯಾರಿಗಾಗಿ ನಡೆಯಿತೋ ಅವರ ಮೊಮ್ಮಕ್ಕಳನ್ನು ಹೊರಗೆ ನಿಲ್ಲಿಸುವುದು ವಿಚಿತ್ರ ನ್ಯಾಯ.

ನಾಡಿನ ಮೇರೆಯನ್ನು ಮೊದಲು ಗುರುತಿಸಿದ ಕವಿರಾಜಮಾರ್ಗಕಾರನನ್ನು ಇಂಥ ಸಭೆಗಳಲ್ಲಿ ತಪ್ಪದೆ ಉದ್ಧರಿಸುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಎಂಬಲ್ಲಿಗೆ ಉದ್ಧರಣೆ ನಿಂತುಬಿಡುತ್ತದೆ. ಅದೇ ಗ್ರಂಥ ಕನ್ನಡವನ್ನು ಬಹುವಚನದಲ್ಲಿ ಹೇಳಿ, ದೇಸಿಗಳು ಬೇರೆಬೇರೆಯಾದುದರಿಂದ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತೆಂದು ನಗುತ್ತದೆ. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದನ್ನೇ ಹೊನ್ನೆಂದು ಕರೆಯುತ್ತದೆ. ಆ ಮೇರೆಯ ಕಾವೇರಿಯ ದಂಡೆಯ ಮೇಲೆಯೇ ರುದ್ರಪಟ್ಟಣವಿದೆ. ಶ್ರೀವಿಜಯನ ಗಡಿ ಬೇಕು, ಅವನ ಹೊನ್ನು ಬೇಡ ಎಂಬವರಿಗೆ ಏನು ಹೇಳೋಣ?

ಧ್ವಜದ ವಿಚಾರಕ್ಕೇ ಬಂದರೆ, ನಮ್ಮ ಪರಂಪರೆಯಲ್ಲಿ ಇನ್ನೂ ಸೊಗಸಾದ ಸಂಗತಿಯಿದೆ. ಬಾದಾಮಿ ಚಾಲುಕ್ಯರ ಶಾಸನಗಳು ವಿನಯಾದಿತ್ಯನು ಉತ್ತರಾಪಥದ ಅರಸನನ್ನು ಗೆದ್ದು ಪಾಳಿಧ್ವಜವನ್ನು ಪಡೆದನೆಂದು ಹೇಳುತ್ತವೆ. ರಾಷ್ಟ್ರಕೂಟರಿಗೂ ಅದು ಸಾರ್ವಭೌಮತ್ವದ ಲಾಂಛನ. ಪಾಳಿಧ್ವಜವೆಂದರೇನು? ಕೆ.ಬಿ. ಪಾಠಕರು ಇದನ್ನು ಬಿಡಿಸಿದ್ದು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಿಂದ. ಸಮವಸರಣದ ವರ್ಣನೆಯಲ್ಲಿ ಹಾರ, ವಸ್ತ್ರ, ನವಿಲು, ತಾವರೆ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ ಎಂಬ ಹತ್ತು ಚಿಹ್ನೆಗಳ ಧ್ವಜಗಳು, ಒಂದೊಂದು ಬಗೆಯವು 108ರಂತೆ, ಪಂಕ್ತಿಗಟ್ಟಿ ನಿಲ್ಲುತ್ತವೆ. ಪಾಳಿ ಎಂದರೆ ಆ ಸಾಲು. ಕನ್ನಡ ನಾಡನ್ನಾಳಿದ ಚಕ್ರವರ್ತಿಗಳ ಹೆಮ್ಮೆಯ ಧ್ವಜ ಒಂದೇ ಚಿಹ್ನೆಯ ಒಂದೇ ಬಟ್ಟೆಯಾಗಿರಲಿಲ್ಲ. ಅದು ಯುದ್ಧದಲ್ಲಿ ಗೆದ್ದ ವಸ್ತುವೆಂಬುದನ್ನು ನಾನು ಮರೆಮಾಚುವುದಿಲ್ಲ. ಧ್ವಜಕ್ಕೆ ರಕ್ತದ ವಾಸನೆ ಎಂದೂ ಇದ್ದೇ ಇದೆ.

ಅದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ, ಬಾಹುಬಲಿಯ ಪಾದದ ಬಳಿ, ಚಾವುಂಡರಾಯನು ಮಾಡಿಸಿದನೆಂಬ ಮಾತು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಕೆತ್ತಲ್ಪಟ್ಟಿದೆ. ಕನ್ನಡದಲ್ಲಿ ಗದ್ಯಪುರಾಣವನ್ನು ಬರೆದ ಚಾವುಂಡರಾಯನ ಕನ್ನಡತನ ಇದರಿಂದ ಕುಂದಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. 2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಬೀದಿದೀಪದ ಕಂಬಗಳಿಗೆ ಸಂತ ಜಾರ್ಜನ ಕೆಂಪು ಶಿಲುಬೆಯ ಬಾವುಟಗಳನ್ನು ಕಟ್ಟಿದಾಗ, ಅದನ್ನು ನಾಡಿನ ಮೇಲಿನ ಪ್ರೀತಿಯೆಂದವರೂ ಇದ್ದರು, ವಲಸಿಗರಿಗೆ ಕೊಟ್ಟ ಎಚ್ಚರಿಕೆಯೆಂದು ಓದಿದವರೂ ಇದ್ದರು. ಬಟ್ಟೆ ಒಂದೇ. ಕಟ್ಟುವವನ ಮನಸ್ಸು ಯಾವುದೆಂದು ಕೆಳಗೆ ನಡೆದುಹೋಗುವವನಿಗೆ ತಿಳಿಯುವ ಬಗೆಯೆಂತು?

ನಾಡಿಗೆ ಪ್ರತ್ಯೇಕ ಬಾವುಟವೇ ಬೇಡ, ಅದು ದೇಶದ ಐಕ್ಯಕ್ಕೆ ಕುತ್ತು ಎಂಬ ವಾದವನ್ನು ನಾನು ಒಪ್ಪುವವನಲ್ಲ. ರಾಷ್ಟ್ರಧ್ವಜಕ್ಕಿಂತ ಕೆಳಗೆ ಹಾರುವ ಬಾವುಟದಿಂದ ಯಾವ ಐಕ್ಯವೂ ಮುರಿಯದು. 2018ರ ಮಾರ್ಚಿಯಲ್ಲಿ ಸರ್ಕಾರವು ನಡುವೆ ಬಿಳಿಯ ಪಟ್ಟಿಯನ್ನೂ ಗಂಡಭೇರುಂಡದ ರಾಜ್ಯಲಾಂಛನವನ್ನೂ ಸೇರಿಸಿದ ಹೊಸ ಧ್ವಜವನ್ನು ತೋರಿಸಿತು. ಜನರೇ ಏರಿಸಿಕೊಂಡಿದ್ದ ಬಾವುಟಕ್ಕೆ ಸರ್ಕಾರಿ ಮೊಹರು ಏಕೆ ಬೇಕಿತ್ತೋ, ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೆ ಅದು ಬೇರೆಯೇ ಜಗಳ.

ಪಂಪನ ಭರತ ವೃಷಭಾಚಲದ ಮುಂದೆ ನಿಂತ ಗಳಿಗೆಯನ್ನು ನಾನು ತರಗತಿಯಲ್ಲಿ ಪ್ರತಿವರ್ಷವೂ ಪಾಠ ಹೇಳುತ್ತೇನೆ. ಷಟ್ಖಂಡವನ್ನು ಗೆದ್ದವನು ತನ್ನ ಹೆಸರನ್ನು ಕೆತ್ತಿಸಲು ಬಂದರೆ ಬೆಟ್ಟದ ತುಂಬ ಹಿಂದಿನವರ ಹೆಸರುಗಳು. ಒಬ್ಬನದನ್ನು ಅಳಿಸದೆ ತನ್ನದಕ್ಕೆ ಜಾಗವಿಲ್ಲ. ಅವನ ಗರ್ವ ಅಲ್ಲಿ ಕರಗುತ್ತದೆ. ಈ ವರ್ಷ ಆ ಪಾಠವನ್ನು ಕೇಳಲು ಹಳಗನ್ನಡದ ತರಗತಿಯಲ್ಲಿದ್ದವರು ನಾಲ್ವರು. ಅವರಲ್ಲೊಬ್ಬಳು ರುದ್ರಪಟ್ಟಣದವಳು. ಉಳಿದ ಬೆಂಚುಗಳು ಏಕೆ ಖಾಲಿಯೆಂದು ಅಂದಿನ ಅತಿಥಿಗಳು ಕೇಳಲಿಲ್ಲ.